ನಿಜ ಘಟನೆ ಅಂತ ಹೇಳಿದ ಮೇಲೆ

(ಗಂಗಾವತಿಯಲ್ಲಿ ಸಿನಿಮಾ ಗೆಳೆಯರ ಮುಂದೆ ಆಡಿದ ಮಾತುಗಳ ಬರಹ ರೂಪ. ಹಿಂದಿನ ರಾತ್ರಿ ಎಲ್ಲರೂ ಸೇರಿ 2005ರ ‘ದಿ ಅಮಿಟಿವಿಲ್ ಹಾರರ್’ ನೋಡಿದ್ದರು.)

ನಿನ್ನೆ ರಾತ್ರಿ ಮಾಳಿಗೆ ಮೇಲೆ ಬಿಳಿ ಪಂಚೆ ಕಟ್ಟಿ ಸಿನಿಮಾ ನೋಡಿದೆವಲ್ಲ, ಅದು ಮುಗಿದಾಗ ಹನ್ನೊಂದೂವರೆ. ಕೆಳಗೆ ಇಳಿಯುವ ಮೆಟ್ಟಿಲ ಹತ್ತಿರ ಲೈಟ್ ಇರಲಿಲ್ಲ. ಕತ್ತಲಲ್ಲಿ ಹಿಂದಿನಿಂದ ಯಾರೋ ಕೇಳಿದರು, "ಇಷ್ಟೇನಾ?" ಅಂತ. ದೆವ್ವದ ಸಿನಿಮಾ ನೋಡಿ ಕತ್ತಲಲ್ಲಿ ಮೆಟ್ಟಿಲು ಇಳಿಯುವಾಗ ಬರಬೇಕಾದ ಮಾತು ಅದಲ್ಲ. ಮುಂದಿನವರ ಅಂಗಿ ಹಿಡಿದುಕೊಂಡು ಇಳಿಯಬೇಕಿತ್ತು. ನಾವು ಆರಾಮಾಗಿ ಇಳಿದು, ಗಾಡಿ ಸ್ಟಾರ್ಟ್ ಮಾಡಿ, ಮನೆಗೆ ಹೋದೆವು. ನನಗೆ ಬಹಳ ಹೊತ್ತು ನಿದ್ದೆ ಹತ್ತಲಿಲ್ಲ. ಬೇಜಾರಾಗಿತ್ತು. ಆ ಬೇಜಾರು ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದದ್ದನ್ನೇ ಇವತ್ತು ನಿಮ್ಮ ಮುಂದೆ ಹೇಳುತ್ತೇನೆ.

ಸಿನಿಮಾ ಚೆನ್ನಾಗಿಲ್ಲ ಅಂದರೆ ಬಿಟ್ಟುಬಿಡಬಹುದು. ಆದರೆ ಇದು ನಿಜ ಘಟನೆ ಆಧಾರಿತ ಅಂತ ಹೇಳಿಕೊಂಡೇ ಬಂದ ಸಿನಿಮಾ. ಆ ಮಾತು ಕಿವಿಗೆ ಬಿದ್ದ ಕೂಡಲೇ ನಾವು ಕೂರುವ ರೀತಿಯೇ ಬೇರೆ ಆಗುತ್ತದೆ. ಗೋಡೆಗೆ ಒರಗಿದವರು ಮುಂದಕ್ಕೆ ಬಾಗುತ್ತೇವೆ. ಇದು ಯಾರಿಗೋ ಆಗಿದೆ, ನಾಳೆ ನನಗೂ ಆಗಬಹುದು ಅನ್ನುವ ಒಂದು ಎಳೆ ಮನಸ್ಸಿನಲ್ಲಿ ಸೇರಿಕೊಳ್ಳುತ್ತದೆ. ಸಿನಿಮಾ ಮಾಡಿದವರಿಗೆ ಅದು ಚೆನ್ನಾಗಿ ಗೊತ್ತು. ಹಾಗಾಗಿ ಅವರು ನಮ್ಮಿಂದ ಒಂದು ನಂಬಿಕೆ ಕೈಗಡ ತಗೊಂಡ ಹಾಗೆ. ಕೈಗಡ ತಗೊಂಡ ಮೇಲೆ ತೀರಿಸಬೇಕು ಅಲ್ವಾ?

ನಮ್ಮ ಅಜ್ಜಿ ಅದನ್ನು ತೀರಿಸುತ್ತಿದ್ದಳು. ನಮ್ಮದು ತುಂಗಭದ್ರಾ ಎಡದಂಡೆ ಕಾಲುವೆ ಕೆಳಗಿನ ಊರು, ಸುತ್ತ ಬರೀ ಭತ್ತದ ಗದ್ದೆ. ನೀರಿನ ಪಾಳಿ ರಾತ್ರಿ ಬಂದರೆ ರಾತ್ರಿಯೇ ಹೋಗಿ ಗದ್ದೆಗೆ ನೀರು ಬಿಟ್ಟು ಬರಬೇಕು. ಅಜ್ಜಿಯ ಕಥೆಗಳೆಲ್ಲ ಅಲ್ಲಿಂದಲೇ ಹುಟ್ಟುತ್ತಿದ್ದವು. "ಒಂದಾನೊಂದು ಊರಾಗ" ಅಂತ ಅವಳು ಯಾವತ್ತೂ ಶುರು ಮಾಡಿದವಳಲ್ಲ. ನಮ್ಮ ಓಣಿಯ ಇಂಥವನು, ಇಂಥ ಅಮಾವಾಸ್ಯೆ, ಇಂಥವರ ಗದ್ದೆಯ ಬದುವು, ಅಲ್ಲಿ ಹುಣಸೆಗಿಡ. ಹೆಗಲ ಮೇಲೆ ಸಲಿಕೆ ಇತ್ತು, ಕೈಯಲ್ಲಿ ಬ್ಯಾಟ್ರಿ ಇತ್ತು, ಬ್ಯಾಟ್ರಿಯ ಸೆಲ್ ಇಳಿದಿತ್ತು. ಹಿಂದೆ ಗೆಜ್ಜೆ ಸಪ್ಪಳ ಕೇಳಿಸಿತು. ಅವನು ನಿಂತರೆ ಅದೂ ನಿಲ್ಲುತ್ತಿತ್ತು. "ಅಂವ ಹೊಳ್ಳಿ ನೋಡಲಿಲ್ಲ" ಅಂತ ಹೇಳಿ ಅಜ್ಜಿ ಎಲೆಯಡಿಕೆ ಚೀಲ ಬಿಚ್ಚುತ್ತಿದ್ದಳು. ಕಥೆ ಮುಗಿಯಿತು. ದೆವ್ವ ಹೇಗಿತ್ತು ಅಂತ ನಾವು ಕೇಳಿದರೆ, "ಅಂವನ ನೋಡಿಲ್ಲ, ನಾ ಹ್ಯಾಂಗ ಹೇಳ್ಲಿ?" ಅನ್ನುತ್ತಿದ್ದಳು.

ಇಲ್ಲಿ ಒಂದು ವಿಷಯ ಗಮನಿಸಿ. ಆ ಮನುಷ್ಯ ಬದುಕಿದ್ದ. ದಿನಾ ನಮ್ಮ ಮನೆ ಮುಂದೆಯೇ ಎತ್ತು ಹೊಡೆದುಕೊಂಡು ಹೋಗುತ್ತಿದ್ದ. ಅಜ್ಜಿ ಒಂದು ಮಾತು ಜಾಸ್ತಿ ಸೇರಿಸಿದರೂ ನಾವು ಓಡಿ ಹೋಗಿ ಅವನನ್ನು ಕೇಳಬಹುದಿತ್ತು. ಅದಕ್ಕೇ ಅವಳು ಸೇರಿಸುತ್ತಿರಲಿಲ್ಲ. ನಿಜ ಅಂತ ಹೇಳಿದ ಮೇಲೆ ಅವಳ ಕೈ ಕಟ್ಟಿದ ಹಾಗಾಗುತ್ತಿತ್ತು, ಅಷ್ಟರಲ್ಲೇ ನಮ್ಮನ್ನು ಹೆದರಿಸಬೇಕಿತ್ತು. ಹೆದರಿಸುತ್ತಿದ್ದಳು ಕೂಡ. ನಾನು ಈಗಲೂ ಆ ಬದುವಿನ ಮೇಲೆ ಸಂಜೆ ಆರರ ಮೇಲೆ ಹೋಗಲ್ಲ.

ಈಗ ಅಮಿಟಿವಿಲ್ ಕಡೆ ಬರೋಣ. ಮೊದಲು ಅಲ್ಲಿ ನಿಜವಾಗಿ ನಡೆದದ್ದನ್ನು ಹೇಳುತ್ತೇನೆ, ದಯವಿಟ್ಟು ಇದನ್ನು ದೆವ್ವದ ಕಥೆ ಅಂತ ಕೇಳಬೇಡಿ.

1974ರ ನವೆಂಬರ್ 13. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಲಾಂಗ್ ಐಲೆಂಡ್ ಅಂತ ಉದ್ದನೆಯ ದ್ವೀಪ, ಅದರ ದಕ್ಷಿಣ ದಂಡೆಯಲ್ಲಿ ಅಮಿಟಿವಿಲ್ ಅಂತ ಸಣ್ಣ ಊರು. ಓಷನ್ ಅವೆನ್ಯೂ ಅನ್ನುವ ರಸ್ತೆಯಲ್ಲಿ 112ನೇ ನಂಬರಿನ ದೊಡ್ಡ ಮನೆ, ಹಿಂದೆ ನೀರು, ದೋಣಿ ನಿಲ್ಲಿಸಲು ಒಂದು ಕೊಟ್ಟಿಗೆ. ನಸುಕಿನ ಮೂರು ಗಂಟೆ ಸುಮಾರಿಗೆ ಆ ಮನೆಯ ದೊಡ್ಡ ಮಗ ರೊನಾಲ್ಡ್ ಡಿಫಿಯೋ, ವಯಸ್ಸು 23, ರೈಫಲ್ ಹಿಡಿದು ತನ್ನ ಅಪ್ಪ, ಅಮ್ಮ, ಇಬ್ಬರು ತಂಗಿಯರು, ಇಬ್ಬರು ತಮ್ಮಂದಿರನ್ನು ಕೊಂದ. ಆ ನಾಲ್ವರು ಮಕ್ಕಳ ವಯಸ್ಸು 18, 13, 12, 9. ಆರೂ ಜನ ತಮ್ಮ ತಮ್ಮ ಹಾಸಿಗೆಯಲ್ಲಿ ಬೋರಲಾಗಿ ಬಿದ್ದಿದ್ದರು. ಅಕ್ಕಪಕ್ಕದವರಿಗೆ ಗುಂಡಿನ ಸದ್ದು ಕೇಳಲಿಲ್ಲ, ನಾಯಿ ಬೊಗಳಿದ್ದು ಮಾತ್ರ ಕೇಳಿಸಿತ್ತು. ತನಗೆ ದನಿಗಳು ಕೇಳಿಸುತ್ತಿದ್ದವು ಅಂದ ಅವನು. ಬುದ್ಧಿ ಸ್ಥಿಮಿತದಲ್ಲಿ ಇರಲಿಲ್ಲ ಅಂತ ಅವನ ವಕೀಲರು ವಾದಿಸಿದರು. ಜ್ಯೂರಿ ಒಪ್ಪಲಿಲ್ಲ. 1975ರಲ್ಲಿ ಶಿಕ್ಷೆ ಆಯಿತು, 2021ರಲ್ಲಿ ಕೈದಿಯಾಗಿದ್ದಾಗಲೇ ಸತ್ತ.

ಒಂಬತ್ತು ವರ್ಷದ ಮಗು. ನಮ್ಮಲ್ಲಿ ನಾಲ್ಕನೇ ಕ್ಲಾಸು.

ಹದಿಮೂರು ತಿಂಗಳ ಮೇಲೆ, 1975ರ ಡಿಸೆಂಬರ್ 18ಕ್ಕೆ, ಆ ಮನೆಗೆ ಜಾರ್ಜ್ ಮತ್ತು ಕ್ಯಾಥಿ ಲುಟ್ಜ್ ಬಂದರು. ಅದೇ ವರ್ಷ ಮದುವೆ ಆದವರು. ಜೊತೆಗೆ ಕ್ಯಾಥಿಯ ಮೊದಲ ಮದುವೆಯ ಮೂವರು ಮಕ್ಕಳು. ಕೊಲೆ ನಡೆದ ಮನೆ ಅಂತ ಗೊತ್ತಿದ್ದೇ 80,000 ಡಾಲರಿಗೆ ತಗೊಂಡರು. 28 ದಿನ ಇದ್ದರು. 1976ರ ಜನವರಿ 14ಕ್ಕೆ ಸಾಮಾನೆಲ್ಲ ಅಲ್ಲೇ ಬಿಟ್ಟು ಹೊರಟುಹೋದರು. ಮನೆಯಲ್ಲಿ ಏನೋ ಇದೆ ಅಂದರು. ಅವರು ಟೇಪಿನಲ್ಲಿ ಹೇಳಿಟ್ಟದ್ದನ್ನು ಕೇಳಿಕೊಂಡು ಜೇ ಆನ್ಸನ್ ಅನ್ನುವವರು 1977ರಲ್ಲಿ ಪುಸ್ತಕ ಬರೆದರು. 1979ರಲ್ಲಿ ಮೊದಲ ಸಿನಿಮಾ ಬಂತು. ಅದನ್ನೇ ಮತ್ತೆ ಮಾಡಿದ್ದು ನಿನ್ನೆ ನಾವು ನೋಡಿದ್ದು. ನಿರ್ದೇಶಕ ಆಂಡ್ರ್ಯೂ ಡಗ್ಲಸ್, ಜಾರ್ಜ್ ಪಾತ್ರಕ್ಕೆ ರಯಾನ್ ರೆನಾಲ್ಡ್ಸ್, ಕ್ಯಾಥಿಯಾಗಿ ಮೆಲಿಸ್ಸಾ ಜಾರ್ಜ್.

ಪುಸ್ತಕದಲ್ಲಿ ಏನೇನಿದೆ? ಚಳಿಗಾಲದಲ್ಲಿ ಕೋಣೆ ತುಂಬಾ ನೊಣ. ಆಶೀರ್ವಾದ ಮಾಡಲು ಬಂದ ಪಾದ್ರಿಗೆ "ಹೊರಗೆ ಹೋಗು" ಅನ್ನುವ ದನಿ. ಗೋಡೆಯಿಂದ ಇಳಿಯುವ ಹಸಿರು ಲೋಳೆ. ಹಿಮದ ಮೇಲೆ ಗೊರಸಿನ ಗುರುತು. ಇದನ್ನೆಲ್ಲ ತನಿಖೆ ಮಾಡಿದವರು ಇದ್ದಾರೆ. ಗೊರಸು ಮೂಡಿತು ಅನ್ನುವ ದಿನದ ಹವಾಮಾನ ದಾಖಲೆ ತೆಗೆದು ನೋಡಿದರೆ ಅಲ್ಲಿ ಹಿಮವೇ ಬಿದ್ದಿರಲಿಲ್ಲ. ಕಿತ್ತು ಬಂತು ಅನ್ನುವ ಬಾಗಿಲು ಹಳೇ ಬಿಜಾಗರಿಯ ಮೇಲೆ ಹಾಗೇ ನಿಂತಿತ್ತು. ಡಿಫಿಯೋ ಪರ ವಾದಿಸಿದ್ದ ವಕೀಲ ವಿಲಿಯಂ ವೆಬರ್ 1979ರಲ್ಲಿ ಬಾಯಿಬಿಟ್ಟು ಹೇಳಿದರು, ಈ ಕಥೆಯನ್ನು ವೈನ್ ಬಾಟಲಿಗಳ ಮುಂದೆ ಕೂತು ನಾವೇ ಕಟ್ಟಿದ್ದು ಅಂತ. ಅದೇ ವರ್ಷ ಕೋರ್ಟಿನಲ್ಲಿ ನ್ಯಾಯಾಧೀಶರೂ ಪುಸ್ತಕದ ಬಹುಪಾಲು ಕಲ್ಪನೆ ಅಂತ ತಮಗೆ ಕಾಣುತ್ತದೆ ಅಂದರು. ಲುಟ್ಜ್ ದಂಪತಿ ಮಾತ್ರ ತಮ್ಮ ಮಾತಿಗೆ ಕೊನೆವರೆಗೂ ಅಂಟಿಕೊಂಡಿದ್ದರು.

ಆಮೇಲೆ ಆ ಮನೆಗೆ ಬಂದವರಿಗೆ ದೆವ್ವದ ಕಾಟ ಇರಲಿಲ್ಲ. ನೋಡಲು ಬರುವ ಜನರ ಕಾಟ ಇತ್ತು. ರಾತ್ರಿ ಹೊತ್ತು ಅಂಗಳಕ್ಕೆ ನುಗ್ಗುವವರು, ಫೋಟೋ ತೆಗೆಯುವವರು. ಕೊನೆಗೆ ಮನೆ ನಂಬರನ್ನು 112ರಿಂದ 108ಕ್ಕೆ ಬದಲಾಯಿಸಿದರು, ಕಣ್ಣಿನ ಹಾಗೆ ಕಾಣುತ್ತಿದ್ದ ಮೇಲಿನ ಎರಡು ಕಿಟಕಿಗಳನ್ನೂ ಬದಲಾಯಿಸಿದರು. ಮೊದಲ ಸಿನಿಮಾಕ್ಕೆ ಆ ಊರಿನವರು ಶೂಟಿಂಗ್ ಮಾಡಲು ಒಪ್ಪಿರಲಿಲ್ಲ, ನ್ಯೂಜೆರ್ಸಿಯ ಬೇರೆ ಊರಿಗೆ ಹೋಗಿ ತೆಗೆದರು. ಆ ಊರಿನವರ ಜಾಗದಲ್ಲಿ ನಿಂತು ಯೋಚಿಸಿ. ಅವರಿಗೆ ಅದು ತಮ್ಮ ಓಣಿಯಲ್ಲಿ ಆದ ಆರು ಸಾವು.

ಹಾಗಾದರೆ ಲುಟ್ಜ್ ಕುಟುಂಬ ಪೂರ್ತಿ ಸುಳ್ಳು ಹೇಳಿತಾ ಅಂತ ಯಾರಾದರೂ ಕೇಳಿದರೆ ನಾನು ಅಷ್ಟು ಬೇಗ ಹೌದು ಅನ್ನಲ್ಲ. ಯಾಕೆ ಅಂದರೆ ಈ ಕಥೆಯಲ್ಲಿ ಒಂದು ವಿವರ ಇದೆ, ನನ್ನ ನಿದ್ದೆ ಕೆಡಿಸಿದ್ದು ಅದೇ. ಮನೆಯ ಜೊತೆಗೆ ಸತ್ತವರ ಸಾಮಾನನ್ನೂ ಅವರು ತಗೊಂಡಿದ್ದರು. 400 ಡಾಲರ್ ಜಾಸ್ತಿ ಕೊಟ್ಟು, ಮಂಚ, ಮೇಜು, ಕುರ್ಚಿ ಎಲ್ಲ. ಸತ್ತ ಮಕ್ಕಳ ಕೋಣೆಗಳಲ್ಲಿ ಸತ್ತವರ ಸಾಮಾನಿನ ನಡುವೆ ಈ ಮಕ್ಕಳು ಮಲಗಬೇಕು. ಹೊಸ ಅಪ್ಪ. ಹೊಸ ಊರು. ಚಳಿಗಾಲ, ಬೇಗ ಕತ್ತಲಾಗುತ್ತದೆ. ಕೈ ಮೀರಿದ ದುಡ್ಡಿಗೆ ತಗೊಂಡ ಮನೆ. ಇಂಥ ಮನೆಯಲ್ಲಿ ನಸುಕಿನ ಮೂರೂಕಾಲಿಗೆ ಒಬ್ಬ ಗಂಡಸು ದಿನಾ ಎಚ್ಚರಾಗಿ ಕೂರುತ್ತಾನೆ ಅಂದರೆ ಅದಕ್ಕೆ ದೆವ್ವವೇ ಬೇಕಾ?

ನಮ್ಮ ಕಡೆ ಆಗಿದ್ದರೆ ಏನು ಮಾಡುತ್ತಿದ್ದರು ಅಂತ ನಿಮಗೆ ಗೊತ್ತು. ಸತ್ತವರ ಹಾಸಿಗೆ ಬಟ್ಟೆ ಮನೆಯಲ್ಲಿ ಇಟ್ಟುಕೊಳ್ಳಲ್ಲ. ಕೆಟ್ಟ ನಕ್ಷತ್ರದಲ್ಲಿ ಸತ್ತರು ಅಂದರೆ ಮನೆಯನ್ನೇ ಬಿಡುತ್ತಾರೆ, ಮೂರು ತಿಂಗಳೋ ಆರು ತಿಂಗಳೋ ಬೀಗ ಹಾಕಿ. ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ನಮ್ಮ ದೊಡ್ಡಪ್ಪ ತೀರಿಕೊಂಡ. ಒಟ್ಟು ಕುಟುಂಬ, ಒಂದೇ ಮನೆ. ಸ್ವಾಮಿಗಳು ಪಂಚಾಂಗ ನೋಡಿ ಮೂರು ತಿಂಗಳು ಮನೆ ಬಿಡಬೇಕು ಅಂದರು. ನಾವು ಹನ್ನೊಂದು ಜನ ಅಕ್ಕಿ ಗಿರಣಿ ಹಿಂದಿನ ಎರಡು ಕೋಣೆಯ ಬಾಡಿಗೆ ಮನೆಗೆ ಹೋದೆವು. ಹೊಟ್ಟಿನ ಧೂಳು, ರಾತ್ರಿಯಿಡೀ ಗಿರಣಿ ಸದ್ದು. ನಮ್ಮ ಸ್ವಂತ ಮನೆ ನಾಲ್ಕು ಓಣಿ ಆಚೆ ಬೀಗ ಹಾಕಿಕೊಂಡು ನಿಂತಿತ್ತು. ಶಾಲೆಗೆ ಹೋಗುವಾಗ ಅದರ ಮುಂದೆಯೇ ಹಾದು ಹೋಗಬೇಕು. ಹುಟ್ಟಿ ಬೆಳೆದ ಮನೆ ಅದು. ಅದರ ಬಾಗಿಲು, ಅದರ ಕಟ್ಟೆ, ಎಲ್ಲ ನನ್ನದೇ. ಆದರೆ ಆ ಮೂರು ತಿಂಗಳು ಅದು ನಮ್ಮನ್ನು ಗುರುತು ಹಿಡಿಯದ ಹಾಗೆ ನಿಂತಿತ್ತು. ಒಂದು ದಿನ ಧೈರ್ಯ ಮಾಡಿ ದೊಡ್ಡಪ್ಪನ ಕೋಣೆಯ ಕಿಟಕಿಗೆ ಕಣ್ಣು ಹಚ್ಚಿ ನೋಡಿದೆ. ಅದನ್ನು ಆಮೇಲೆ ಹೇಳುತ್ತೇನೆ.

ಇಂಥದ್ದೆಲ್ಲ ಆ ಸಿನಿಮಾದವರ ಕೈಯಲ್ಲಿತ್ತು. ಸತ್ತ ಮಕ್ಕಳ ಮಂಚ ಇತ್ತು. ಅವರು ಅದನ್ನು ಬಿಟ್ಟು ಏನು ಮಾಡಿದರು ನೋಡಿ. ಜೋಡಿ ಅಂತ ಒಂದು ಹೆಣ್ಣುಮಗುವಿನ ದೆವ್ವವನ್ನು ಹುಟ್ಟುಹಾಕಿದರು. ಹಣೆಯಲ್ಲಿ ಗುಂಡಿನ ತೂತು. ಮಕ್ಕಳನ್ನು ನೋಡಿಕೊಳ್ಳಲು ಬಂದ ಹುಡುಗಿಯನ್ನು ಬಟ್ಟೆ ಇಡುವ ಗೂಡಿನೊಳಗೆ ಕೂಡಿಹಾಕಿ, ಅವಳ ಬೆರಳನ್ನು ಆ ತೂತಿಗೆ ತುರುಕಿಸುತ್ತದೆ. ಡಿಫಿಯೋ ಮನೆಯಲ್ಲಿ ಸತ್ತ ಮಕ್ಕಳಲ್ಲಿ ಆ ಹೆಸರಿನವರು ಯಾರೂ ಇರಲಿಲ್ಲ. ಪುಸ್ತಕದಲ್ಲಿ ಜೋಡಿ ಅಂದರೆ ಹಂದಿಯ ರೂಪದ ಕೆಂಪು ಕಣ್ಣಿನ ಏನೋ ಒಂದು. ಸತ್ತ ನಿಜವಾದ ಮಕ್ಕಳನ್ನು ಬದಿಗೆ ಸರಿಸಿ, ಇಲ್ಲದ ಮಗುವನ್ನು ತಂದು, ಅದರ ಹಣೆಗೆ ಗಾಯ ಬರೆದು ನಮ್ಮನ್ನು ಹೆದರಿಸಲು ನಿಲ್ಲಿಸಿದರು. ಆ ದೃಶ್ಯ ನೋಡುವಾಗ ನನಗೆ ಹೊಟ್ಟೆ ತೊಳಸಿತು. ನಿಜವಾಗಿ ಗುಂಡು ತಿಂದ ಮಕ್ಕಳಿದ್ದ ಕಥೆ ಇದು, ನೆನಪಿರಲಿ.

ಇನ್ನು ಆ ಸದ್ದು. ಕನ್ನಡದಲ್ಲಿ ನಮಗೆ ಎರಡು ಮಾತಿದೆ: ಬೆಚ್ಚುವುದು, ಹೆದರುವುದು. ಎರಡೂ ಬೇರೆ. ಬೆಚ್ಚುವುದು ಮೈಗೆ ಆಗುವುದು. ಪಕ್ಕದಲ್ಲಿ ಯಾರಾದರೂ ತಟ್ಟೆ ಬೀಳಿಸಿದರೆ ಭುಜ ಮೇಲೇಳುತ್ತದೆ, ಕಣ್ಣು ಮುಚ್ಚುತ್ತದೆ, ಏನು ಬಿತ್ತು ಅಂತ ತಲೆಗೆ ತಿಳಿಯುವ ಮೊದಲೇ. ಅದಕ್ಕೆ ಕಥೆ ಬೇಡ, ಪಾತ್ರ ಬೇಡ. ತೊಟ್ಟಿಲಲ್ಲಿ ಮಲಗಿದ ಕೂಸೂ ಬೆಚ್ಚುತ್ತದೆ. ಹೆದರಿಕೆ ಹಾಗಲ್ಲ. ಅದು ನಿಧಾನಕ್ಕೆ ಏರುತ್ತದೆ, ಒಳಗೆ ಕೂರುತ್ತದೆ, ಮನೆಗೆ ನಮ್ಮ ಜೊತೆ ಬರುತ್ತದೆ. ನಿನ್ನೆಯ ಸಿನಿಮಾ ಒಂದೂವರೆ ಗಂಟೆ ನಮ್ಮನ್ನು ಬೆಚ್ಚಿಸಿತು. ಮೊದಲು ಸದ್ದೆಲ್ಲ ಇಳಿಯುತ್ತದೆ, ಕ್ಯಾಮೆರಾ ಮುಖದ ಹತ್ತಿರ ಬರುತ್ತದೆ, ಯಾರೋ ಕನ್ನಡಿ ಕಡೆ ತಿರುಗುತ್ತಾರೆ, ಧಡ್! ಮೂರು ಸಲ ಆದ ಮೇಲೆ ನಮಗೇ ಗೊತ್ತಾಗುತ್ತದೆ, ಸದ್ದು ಇಳಿದರೆ ಈಗ ಬರುತ್ತದೆ ಅಂತ. ಹಿಂದೆ ಕೂತಿದ್ದ ಹುಡುಗರು ಒಂದು, ಎರಡು, ಮೂರು ಅಂತ ಎಣಿಸುತ್ತಿದ್ದರು. ಸರಿಯಾಗಿ ಮೂರಕ್ಕೆ ಬಂತು. ನಾನು ಅವರನ್ನು ಗದರಲಿಲ್ಲ, ಅವರದೇನೂ ತಪ್ಪಿರಲಿಲ್ಲ.

ಆದರೆ ಒಂದು ದೃಶ್ಯಕ್ಕೆ ಆ ಹುಡುಗರೂ ಸುಮ್ಮನಾದರು. ಯಾವುದು ಹೇಳಿ? ಸೌದೆ ಒಡೆಯುವ ದೃಶ್ಯ. ಜಾರ್ಜ್ ಕೊಡಲಿ ಹಿಡಿದು ನಿಂತಿದ್ದಾನೆ. ಹೆಂಡತಿಯ ದೊಡ್ಡ ಮಗನನ್ನು ಕರೆದು, ಕೊರಡನ್ನು ಕೈಯಲ್ಲಿ ಹಿಡಿದುಕೊ ಅನ್ನುತ್ತಾನೆ. ಹುಡುಗ ಹಿಡಿದುಕೊಳ್ಳುತ್ತಾನೆ. ಕೊಡಲಿ ಮೇಲೇಳುತ್ತದೆ. ಹುಡುಗನ ಕೈ ನಡುಗುತ್ತಿದೆ, ಅಲ್ಲಾಡಿಸಬೇಡ ಅನ್ನುತ್ತಾನೆ. ಆ ದೃಶ್ಯಕ್ಕೆ ದೆವ್ವ ಬೇಕಾಗಿಲ್ಲ. ಅಪ್ಪ ಅಲ್ಲದ ಅಪ್ಪ, ಅವನ ಕೈಯಲ್ಲಿ ಕೊಡಲಿ, ಅಷ್ಟೇ. ರಯಾನ್ ರೆನಾಲ್ಡ್ಸ್ ಅಲ್ಲಿ ನಿಜಕ್ಕೂ ಚೆನ್ನಾಗಿ ಮಾಡಿದ್ದಾರೆ, ಕಣ್ಣಲ್ಲಿ ಏನೋ ಆರಿಹೋದ ಹಾಗೆ. ಆ ದಾರಿಯಲ್ಲೇ ಹೋಗಿದ್ದರೆ ಇದು ದೊಡ್ಡ ಸಿನಿಮಾ ಆಗುತ್ತಿತ್ತು ಅಂತ ನನಗೆ ಅನ್ನಿಸುತ್ತದೆ. ಮಗನೇ ಮನೆಯವರನ್ನೆಲ್ಲ ಕೊಂದ ಮನೆಗೆ ಒಬ್ಬ ಮಲತಂದೆ ಬರುತ್ತಾನೆ, ದಿನದಿಂದ ದಿನಕ್ಕೆ ಅವನ ಸಿಟ್ಟು ಬೆಳೆಯುತ್ತದೆ. ಆದರೆ ಸಿನಿಮಾ ಧೈರ್ಯ ಮಾಡಲಿಲ್ಲ. ಅವನ ಸಿಟ್ಟನ್ನೆಲ್ಲ ಮನೆಯ ಮೇಲೆ, ನೆಲಮಾಳಿಗೆಯ ದೆವ್ವದ ಮೇಲೆ ಹಾಕಿ, ಕೊನೆಗೆ ದೋಣಿ ಹತ್ತಿಸಿ ಕಳಿಸಿಬಿಟ್ಟಿತು. ಮನೆಯಿಂದ ದೂರ ಹೋದರೆ ಅವನು ಮತ್ತೆ ಒಳ್ಳೆಯವನು.

ನಮ್ಮಲ್ಲೂ ಇದು ನಡೆಯುತ್ತದೆ, ಅದಕ್ಕೇ ನನಗೆ ಜಾಸ್ತಿ ಚುಚ್ಚಿತು. ಮನೆಯಲ್ಲಿ ಸೊಸೆ ಒಂದು ದಿನ ಕೂಗಾಡಿದರೆ "ಗಾಳಿ ಬಡದೈತಿ" ಅನ್ನುತ್ತೇವೆ. ನಿಂಬೆಹಣ್ಣು ಇಳಿಸುತ್ತೇವೆ, ತಾಯಿತ ಕಟ್ಟಿಸುತ್ತೇವೆ. ಅವಳು ಯಾಕೆ ಕೂಗಾಡಿದಳು ಅಂತ ಕೇಳಲ್ಲ. ಗಂಡ ಕುಡಿದು ಬಂದು ಹೊಡೆದರೆ ಅಮಾವಾಸ್ಯೆ ಹತ್ತಿರ ಬಂತು ಅನ್ನುತ್ತೇವೆ. ದೆವ್ವದ ಹೆಸರು ಹೇಳಿದ ಕೂಡಲೇ ಮನುಷ್ಯರ ಲೆಕ್ಕ ಚುಕ್ತಾ ಆಗಿಬಿಡುತ್ತದೆ. ದೆವ್ವದ ಕಥೆ ಹೇಳುವವರು ಈ ಜಾಗದಲ್ಲಿ ಎಚ್ಚರ ಇರಬೇಕು.

ಇನ್ನೊಂದು ಕಡೆ ನೋಡಿ, ನಿಜವಾದ ಜಾರ್ಜ್ ಲುಟ್ಜ್‌ಗೇ ಈ ಸಿನಿಮಾ ಇಷ್ಟ ಆಗಲಿಲ್ಲ. ತಾನು ನಾಯಿಯನ್ನು ಕೊಡಲಿಯಿಂದ ಕೊಲ್ಲುವ ಹಾಗೆ, ಮನೆಯವರಿಗೆ ಶವಪೆಟ್ಟಿಗೆ ಮಾಡುವ ಹಾಗೆ ತೋರಿಸಿದ್ದಕ್ಕೆ ಕೋರ್ಟಿಗೆ ಹೋದರು. 2006ರಲ್ಲಿ ಅವರು ತೀರಿಕೊಂಡಾಗಲೂ ಅದು ಮುಗಿದಿರಲಿಲ್ಲ. ತಮ್ಮ ಕಥೆಯನ್ನು ತಾವೇ ಮಾರಿದವರು ಅವರು, ನಿಜ. ಆದರೂ ನಿಜ ಘಟನೆ ಅಂತ ಹೆಸರು ಹಾಕಿ, ಬದುಕಿದ್ದ ಮನುಷ್ಯನ ಕೈಯಲ್ಲಿ ಅವನು ಮಾಡದ ಕೊಲೆ ಮಾಡಿಸಿದರೆ, ಅದು ನಾಯಿಯದ್ದೇ ಆಗಲಿ, ಅನ್ಯಾಯವೇ ಅಲ್ವಾ?

ಇದೊಂದೇ ಸಿನಿಮಾದ ರೋಗ ಅಲ್ಲ ಇದು. 2009ರಲ್ಲಿ ‘ದಿ ಹಾಂಟಿಂಗ್ ಇನ್ ಕನೆಕ್ಟಿಕಟ್’ ಬಂತು, ಹಿಂದೆ ಶವ ಸಂಸ್ಕಾರಕ್ಕೆ ತಯಾರು ಮಾಡುತ್ತಿದ್ದ ಮನೆಗೆ ಬಾಡಿಗೆಗೆ ಹೋದ ಕುಟುಂಬದ ಕಥೆ, ಮನೆಯಲ್ಲಿ ಕ್ಯಾನ್ಸರ್ ಇರುವ ಮಗ. ಆ ಘಟನೆ ಬಗ್ಗೆ ಮೊದಲೇ ಪುಸ್ತಕ ಬರೆದಿದ್ದ ರೇ ಗಾರ್ಟನ್ ಆಮೇಲೆ ಹೇಳಿಕೊಂಡರು: ಮನೆಯವರ ಮಾತು ಒಬ್ಬರದು ಒಬ್ಬರಿಗೆ ತಾಳೆ ಆಗುತ್ತಿರಲಿಲ್ಲ, ಅದನ್ನು ದೆವ್ವ ಹುಡುಕುವ ಎಡ್ ವಾರನ್ ಹತ್ತಿರ ಹೇಳಿದರೆ, ಉಪಯೋಗಕ್ಕೆ ಬರುವುದನ್ನು ಇಟ್ಟುಕೊ, ಉಳಿದದ್ದು ನೀನೇ ಕಟ್ಟು, ಹೆದರಿಕೆ ಆಗುವ ಹಾಗಿರಲಿ ಅಂದರು ಅಂತ. ಅಲ್ಲೂ ಅಷ್ಟೇ. ಕಾಯಿಲೆ ಮಗನನ್ನು ಇಟ್ಟುಕೊಂಡು ಆಸ್ಪತ್ರೆಗೆ ಹತ್ತಿರ ಅಂತ ಸಿಕ್ಕ ಮನೆಗೆ ಹೋಗುವ ಅಮ್ಮನ ಸಂಕಟಕ್ಕಿಂತ ದೊಡ್ಡ ಹೆದರಿಕೆ ಯಾವುದು? ಅದಿದ್ದೂ ಗೋಡೆಯೊಳಗೆ ಹೆಣ ತುಂಬಿಸಿದರು.

ನೆಲಮಾಳಿಗೆ ವಿಷಯ ಹೇಳದೇ ಹೋದರೆ ಆಗಲ್ಲ, ಅದು ನಮ್ಮ ಜಿಲ್ಲೆಗೆ ಸಂಬಂಧ ಇರುವ ಮಾತು. ನಿನ್ನೆಯ ಸಿನಿಮಾದಲ್ಲಿ ಎಲ್ಲಕ್ಕೂ ಮೂಲ ಕೆಚಮ್ ಅಂತ ಒಬ್ಬ ಹಳೇ ಪಾದ್ರಿ, ಅವನು ಅಲ್ಲಿನ ಮೂಲನಿವಾಸಿಗಳನ್ನು ನೆಲದಡಿ ಹಿಂಸಿಸಿ ಕೊಂದ ಅಂತ ತೋರಿಸುತ್ತಾರೆ. ಪುಸ್ತಕದಲ್ಲಿ ಇನ್ನೊಂದು ರೀತಿ ಇದೆ, ಶಿನ್ನೆಕಾಕ್ ಜನ ತಮ್ಮ ಹುಚ್ಚರನ್ನು, ಸಾಯುವವರನ್ನು ತಂದು ಬಿಡುತ್ತಿದ್ದ ಜಾಗ ಅಂತ. ಶಿನ್ನೆಕಾಕ್ ಜನ ಇರುವುದು ಆ ದ್ವೀಪದ ಪೂರ್ವದ ಕಡೆ, ಅಮಿಟಿವಿಲ್‌ನಿಂದ ಬಹಳ ದೂರ. ಅವರು ಇವತ್ತಿಗೂ ಬದುಕಿರುವ ಜನ. ತಮ್ಮವರನ್ನು ಹಾಗೆ ಬಿಸಾಡಿ ಬರುತ್ತಿದ್ದರು ಅಂತ ಯಾರೋ ಬರೆದರೆ, ಅದನ್ನು ಲಕ್ಷಾಂತರ ಜನ ಓದಿದರೆ, ಅವರಿಗೆ ಹೇಗಾಗಬೇಡ? ಹೆಣ ಹೂಳಿದ ಜಾಗ ಅಂದರೆ ಸಾಕು, ಕೆಟ್ಟ ಜಾಗ ಅಂತ ಈ ಸಿನಿಮಾಗಳು ತೀರ್ಮಾನ ಮಾಡಿಬಿಟ್ಟಿವೆ.

ನಮಗೆ ಅದು ಹಾಗಲ್ಲ ಅಂತ ಗೊತ್ತು. ಇಲ್ಲೇ ಹತ್ತಿರ ಹಿರೇಬೆಣಕಲ್ ಗುಡ್ಡ ಇದೆಯಲ್ಲ, ಮೋರ್ಯರ ಗುಡ್ಡ. ನಿಮ್ಮಲ್ಲಿ ಎಷ್ಟು ಜನ ಹತ್ತಿದ್ದೀರೋ ಗೊತ್ತಿಲ್ಲ. ನಾನು ಹೈಸ್ಕೂಲ್ ಮೇಷ್ಟ್ರು, ಒಂದು ಸಲ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಬಂಡೆ ಹತ್ತಿ ಇಳಿದು, ಮುಳ್ಳುಗಿಡ ದಾಟಿ ಹೋದರೆ ಒಮ್ಮೆಗೇ ಎದುರಿಗೆ ಸಾಲು ಸಾಲು ಕಲ್ಲಿನ ಮನೆ. ಸುಮಾರು 400 ಇವೆ ಅನ್ನುತ್ತಾರೆ, ಎರಡು ಸಾವಿರ ವರ್ಷಕ್ಕಿಂತ ಹಳೆಯವು. ದೊಡ್ಡ ದೊಡ್ಡ ಕಲ್ಲುಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಮುಚ್ಚಿ, ಮುಂದಿನ ಕಲ್ಲಿಗೆ ದುಂಡನೆ ತೂತು ಕೊರೆದಿದ್ದಾರೆ. ಮೋರ್ಯರು ಅಂತ ಗಿಡ್ಡ ಜನ ಇದ್ದರು, ಅವರ ಮನೆ ಇವು ಅಂತ ಸುತ್ತಲಿನ ಊರಿನವರು ಹೇಳುತ್ತಾರೆ. ತಿಳಿದವರು ಹೇಳುವ ಪ್ರಕಾರ ಸತ್ತವರಿಗಾಗಿ ಕಟ್ಟಿದವು. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿತು. ಅಲ್ಲಿ ಒಂದು ನಗಾರಿ ಕಲ್ಲು ಇದೆ, ಇನ್ನೊಂದು ಕಲ್ಲಿನಿಂದ ಬಡಿದರೆ ನಿಜವಾದ ನಗಾರಿಯ ಹಾಗೆ ಸದ್ದು ಬರುತ್ತದೆ.

ದಾರಿಯುದ್ದಕ್ಕೂ ಗಲಾಟೆ ಮಾಡಿಕೊಂಡು ಬಂದಿದ್ದ ನಲವತ್ತು ಮಕ್ಕಳು ಆ ಕಲ್ಲುಮನೆಗಳ ನಡುವೆ ತಾವಾಗೇ ಸುಮ್ಮನಾದರು. ನಾನು ಹೇಳಿರಲಿಲ್ಲ. ಒಬ್ಬಳು ಹುಡುಗಿ ಆ ದುಂಡನೆ ತೂತಿನ ಹತ್ತಿರ ಬಗ್ಗಿ, ಒಳಗೆ ನೋಡಿ, ಮೆಲ್ಲಗೆ ಕೇಳಿದಳು, "ಸಾರ್, ಈ ತೂತು ಅವರು ಹೊರಗ ಬರಾಕ ಏನ್ರಿ, ನಾವು ಒಳಗ ಏನರ ಕೊಡಾಕ ಏನ್ರಿ?" ನನಗೆ ಮೈ ಜುಂ ಅಂತು. ಹಾಡುಹಗಲು, ನೆತ್ತಿ ಮೇಲೆ ಬಿಸಿಲು. ಆ ಪ್ರಶ್ನೆಗೆ ಸಮನಾದ ಒಂದೇ ಒಂದು ಸಾಲು ನಿನ್ನೆಯ ಸಿನಿಮಾದಲ್ಲಿ ಇರಲಿಲ್ಲ. ಅವಳಿಗೆ ಹೆದರಿಕೆಯೂ ಇತ್ತು, ಮರ್ಯಾದೆಯೂ ಇತ್ತು, ಎರಡೂ ಒಟ್ಟಿಗೆ. ಸತ್ತವರ ಮುಂದೆ ನಿಂತಾಗ ನಮ್ಮ ಜನಕ್ಕೆ ಹಾಗೇ ಆಗುವುದು.

ತೋರಿಸದೇ ಹೆದರಿಸುವುದು ನಮಗೆ ಹೊಸದೇನಲ್ಲ. ನನ್ನ ವಯಸ್ಸಿನವರಿಗೆ ನೆನಪಿರುತ್ತದೆ, 1990ರ ದಶಕದಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆಯುತ್ತಿದ್ದದ್ದು. ರಾತ್ರಿ ಒಬ್ಬಳು ಬರುತ್ತಾಳೆ, ಮನೆಯವರ ದನಿಯಲ್ಲೇ ಹೆಸರು ಹಿಡಿದು ಕರೆಯುತ್ತಾಳೆ, ಓ ಅಂದರೆ ಮುಗಿಯಿತು. ಬಾಗಿಲ ಮೇಲೆ ‘ನಾಳೆ ಬಾ’ ಅಂತ ಇದ್ದರೆ ಓದಿಕೊಂಡು ಹೋಗುತ್ತಾಳೆ, ಮರುದಿನ ಬಂದರೆ ಮತ್ತೆ ಅದೇ. ನಮ್ಮ ಅಪ್ಪ ಸೀಮೆಸುಣ್ಣದಲ್ಲಿ ಬರೆದಿದ್ದ. ಅವಳನ್ನು ಯಾರೂ ನೋಡಿರಲಿಲ್ಲ, ರೂಪ ಇರಲಿಲ್ಲ, ಇದ್ದದ್ದು ದನಿ ಒಂದೇ. ಅದೂ ಯಾರ ದನಿ? ಅವ್ವನದು. ಎಷ್ಟೋ ರಾತ್ರಿ ಅವ್ವ ನಿಜವಾಗಿ ಕರೆದಾಗಲೂ ನಾನು ಓ ಅನ್ನದೇ ಕೌದಿ ಒಳಗೆ ಉಸಿರು ಬಿಗಿ ಹಿಡಿದು ಮಲಗಿದ್ದೇನೆ. ಇದೇ ಎಳೆ ಹಿಡಿದು 2018ರಲ್ಲಿ ಹಿಂದಿಯಲ್ಲಿ ‘ಸ್ತ್ರೀ’ ಬಂತು, ಕಥೆಯನ್ನು ಮಧ್ಯಪ್ರದೇಶದ ಚಂದೇರಿಗೆ ಸಾಗಿಸಿ, ನಗುವಿನ ಜೊತೆ ಬೆರೆಸಿದರು. ಅದು ಬೇರೆ ರೀತಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಸೀಮೆಸುಣ್ಣದ ಆ ಎರಡು ಪದದ ಹೆದರಿಕೆಯನ್ನು ಹಾಗೇ ಹಿಡಿಯುವ ಸಿನಿಮಾ ಕನ್ನಡದಲ್ಲಿ ಯಾರಾದರೂ ಮಾಡಬೇಕು ಅಂತ ನನಗೆ ಬಹಳ ಆಸೆ ಇದೆ.

ತೊಗಲುಗೊಂಬೆ ಆಟ ನೋಡಿದವರು ಕೈ ಎತ್ತಿ ನೋಡೋಣ. ಪರವಾಗಿಲ್ಲ, ಇದ್ದೀರಿ. ನಮ್ಮ ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತಲ್ಲ, ಆ ಕಲೆ. ಅದರಲ್ಲೂ ಒಂದು ಬಿಳಿ ಪಂಚೆಯೇ. ಹಿಂದೆ ದೀಪ, ನಡುವೆ ಗೊಂಬೆ. ಗೊಂಬೆಯನ್ನು ಪರದೆಗೆ ಒತ್ತಿ ಹಿಡಿದರೆ ಗೆರೆ, ಬಣ್ಣ ಎಲ್ಲ ಚೊಕ್ಕವಾಗಿ ಕಾಣುತ್ತದೆ. ದೀಪದ ಕಡೆ ಸ್ವಲ್ಪ ಹಿಂದಕ್ಕೆ ತಗೊಂಡರೆ ನೆರಳು ದೊಡ್ಡದಾಗುತ್ತದೆ, ಅಂಚು ಮಸುಕಾಗುತ್ತದೆ. ಮಸುಕಾದಷ್ಟೂ ದೊಡ್ಡದು. ಸಣ್ಣವನಿದ್ದಾಗ ರಾವಣ ಬರುವ ಹೊತ್ತಿಗೆ ನಾನು ಅಪ್ಪನ ಬೆನ್ನ ಹಿಂದೆ ಸರಿದುಬಿಡುತ್ತಿದ್ದೆ. ನಿನ್ನೆ ನಾವೂ ಬಿಳಿ ಪಂಚೆಯ ಮೇಲೇ ನೋಡಿದೆವು, ಆದರೆ ಅಲ್ಲಿ ಎಲ್ಲವನ್ನೂ ಪರದೆಗೆ ಒತ್ತಿ ಹಿಡಿದಿದ್ದರು. ಗಾಯ, ಹಲ್ಲು, ಕಣ್ಣು, ಎಲ್ಲ ಚೊಕ್ಕ. ನಾವು ಸೇರಿಸಿಕೊಳ್ಳಲು ಏನೂ ಉಳಿದಿರಲಿಲ್ಲ.

ಇಷ್ಟಾದರೂ ಆ ಸಿನಿಮಾ 10 ಕೋಟಿ ಡಾಲರಿಗಿಂತ ಜಾಸ್ತಿ ದುಡ್ಡು ಮಾಡಿತು. ಹಾಗಾಗಿ ಮತ್ತೆ ಮತ್ತೆ ಅದೇ ಹೆಸರಿನಲ್ಲಿ ಸಿನಿಮಾ ಬರುತ್ತಲೇ ಇವೆ. ನೋಡುವವರು ನಾವೇ.

ಮಾತು ಶುರು ಮಾಡುವ ಮೊದಲು ಒಬ್ಬರು ಚೀಟಿ ಕೊಟ್ಟಿದ್ದರು, "ಸಾರ್, ಕಡೀಕೂ ದೆವ್ವ ಅದಾವೋ ಇಲ್ಲೋ?" ಅಂತ. ನಾನು ದೆವ್ವ ನೋಡಿಲ್ಲ. ಸತ್ತವರು ಮನೆಯಲ್ಲಿ ಉಳಿಯುವುದನ್ನು ನೋಡಿದ್ದೇನೆ. ಈಗ ಆ ಕಿಟಕಿ ವಿಷಯ ಹೇಳುತ್ತೇನೆ.

ದೊಡ್ಡಪ್ಪನಿಗೆ ರಾತ್ರಿ ಬಾಯಾರಿಕೆ ಜಾಸ್ತಿ. ಮಂಚದ ತಲೆಯ ಕಡೆ, ಗೋಡೆ ಪಕ್ಕ, ಒಂದು ಹಿತ್ತಾಳೆ ತಂಬಿಗೆಯಲ್ಲಿ ನೀರು ಇಟ್ಟುಕೊಂಡೇ ಮಲಗುತ್ತಿದ್ದ. ಆ ತಂಬಿಗೆಯನ್ನು ತುಂಬಿಡುವುದು ದೊಡ್ಡಮ್ಮನ ದಿನದ ಕೊನೆಯ ಕೆಲಸ. ನಾವು ಮನೆ ಬಿಟ್ಟ ದಿನ ಮಂಚ ಹೊರಗೆ ಹೋಯಿತು, ಹಾಸಿಗೆ ಹೋಯಿತು. ಎಲ್ಲರೂ ಹೊರಗೆ ಬಂದ ಮೇಲೆ ದೊಡ್ಡಮ್ಮ ಏನೋ ಮರೆತೆ ಅಂತ ಒಬ್ಬಳೇ ಒಳಗೆ ಹೋಗಿ ಬಂದಳು. ಆಮೇಲೆ ಅಪ್ಪ ಬೀಗ ಹಾಕಿದ. ಒಂದೆರಡು ವಾರದ ಮೇಲೆ ನಾನು ಕಿಟಕಿಗೆ ಕಣ್ಣು ಹಚ್ಚಿದಾಗ ಕೋಣೆ ಪೂರ್ತಿ ಖಾಲಿ ಇತ್ತು. ಮಂಚ ಇದ್ದ ಜಾಗದಲ್ಲಿ ನೆಲದ ಬಣ್ಣ ಬೇರೆ. ಗೋಡೆ ಪಕ್ಕ, ಇದ್ದ ಜಾಗದಲ್ಲೇ, ಆ ತಂಬಿಗೆ. ಬಾಯಿವರೆಗೂ ನೀರು.

ಮೂರು ತಿಂಗಳ ಮೇಲೆ ಬೀಗ ತೆಗೆದೆವು. ಮೇ ತಿಂಗಳು. ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತೇ ಇದೆ. ಎಲ್ಲರಿಗಿಂತ ಮೊದಲು ದೊಡ್ಡಮ್ಮ ಆ ಕೋಣೆಗೆ ಹೋದಳು, ನಾನು ಅವಳ ಸೆರಗಿನ ಹಿಂದೆಯೇ ಇದ್ದೆ. ತಂಬಿಗೆ ಒಣಗಿತ್ತು, ತಳದಲ್ಲಿ ಬಿಳಿ ಗೆರೆ. ಅವಳು ಅದನ್ನು ಎತ್ತಿ ಒಳಗೆ ನೋಡಿದಳು. ಅಳಲಿಲ್ಲ. ಬಚ್ಚಲಿಗೆ ತಗೊಂಡು ಹೋಗಿ, ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದು, ನೀರು ತುಂಬಿ, ತಂದು ಅಲ್ಲೇ ಇಟ್ಟಳು.